ಕುಂದಣದ ಒಡವೆಯನ್ನು ನೀರಿಗೆ ಹಾಕಬೇಡಿ

ಮದುವೆ ಮನೆಯಿಂದ ಬಂದ ಮೇಲೆ ಬಳೆ, ಸರಗಳ ಜೊತೆ ಕೆಂಪು ಕಲ್ಲಿನ ಕುಂದಣದ ಅಡ್ಡಿಕೆಯನ್ನೂ ಅಂಟುವಾಳದ ನೀರಿನಲ್ಲಿ ನೆನೆಹಾಕುತ್ತೀರಲ್ಲ, ಅದೊಂದನ್ನು ಬಿಟ್ಟುಬಿಡಿ. ಬರೀ ಚಿನ್ನಕ್ಕೆ ಅದು ಒಳ್ಳೆಯದೇ. ಕುಂದಣದ ಮಾತು ಬೇರೆ. ಜೈಪುರ, ಬಿಕಾನೇರ್‌ಗಳು ಹೆಸರು ಮಾಡಿದ ಈ ಕುಸುರಿಯಲ್ಲಿ ಒಡವೆಯ ಒಳಗೆ ಅರಗು ತುಂಬಿರುತ್ತಾರೆ. ಕಲ್ಲಿನ ಅಡಿಯಲ್ಲಿ ಹೊಳಪಿಗೆಂದು ತೆಳ್ಳನೆಯ ಲೋಹದ ಹಾಳೆ ಇಟ್ಟು, ಸುತ್ತಲೂ ಅಪ್ಪಟ ಚಿನ್ನದ ತಗಡನ್ನು ಒತ್ತಿ ಕೂರಿಸಿರುತ್ತಾರೆ. ಸಂದಿಯಲ್ಲಿ ನೀರು ಇಳಿದರೆ ಆ ಹಾಳೆ ಕಪ್ಪಾಗುತ್ತದೆ, ಕಲ್ಲು ಮಂಕಾಗುತ್ತದೆ. ಆಮೇಲೆ ಮೇಲಿನಿಂದ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಕಲ್ಲು ಬಿಚ್ಚಿಯೇ ಹಾಳೆ ಬದಲಿಸಬೇಕು.

ಬಿಸಿಯೂ ಇದಕ್ಕೆ ಆಗದು. ಅರಗು ಮೆತ್ತಗಾದರೆ ಕಲ್ಲು ಸಡಿಲವಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಒಡವೆಯ ಪೆಟ್ಟಿಗೆ ಬಿಟ್ಟು ಹೋಗಬೇಡಿ. ಅಂಗಡಿಯವರು ಯಂತ್ರದಲ್ಲಿ ತೊಳೆದುಕೊಡುತ್ತೇವೆ ಎಂದರೂ ಒಪ್ಪಬೇಡಿ.

ಸೆಂಟು ಮೊದಲು, ಒಡವೆ ಕೊನೆಗೆ. ಬಿಚ್ಚಿದ ಕೂಡಲೇ ಮೆತ್ತನೆಯ ಒಣ ಹತ್ತಿಬಟ್ಟೆಯಿಂದ ಬೆವರು ಒರೆಸಿ, ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಸುತ್ತಿಡಿ. ಹಿಂಬದಿಯ ಮೀನಾಕಾರಿ ಬಣ್ಣವೂ ಪೆಟ್ಟು ತಡೆಯದು.

ಕಲ್ಲು ಅಲುಗಾಡಿದರೆ ಮನೆಯಲ್ಲೇ ಅಂಟು ಹಾಕಲು ಹೋಗಬೇಡಿ, ದಯವಿಟ್ಟು. ಕುಂದಣದ ಕೆಲಸ ಬಲ್ಲ ಅಕ್ಕಸಾಲಿಗರ ಬಳಿಗೇ ಒಯ್ಯಿರಿ.