ಚಾರ್ಜಿಗಿಟ್ಟಾಗ ಆರಿಹೋಗುವ ಲ್ಯಾಪ್‌ಟಾಪ್: ದೋಷವನ್ನು ಹುಡುಕುವ ಕ್ರಮ

ಕೊರ್ತಾಲಿಮ್ ಮತ್ತು ಅದರ ಸುತ್ತಣ ಊರುಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಲ್ಯಾಪ್‌ಟಾಪ್ ಇದ್ದರೆ ಅದು ಮನೆಮಂದಿಗೆಲ್ಲ ಸೇರಿದ ವಸ್ತು. ಅಣ್ಣನ ಕಾಲೇಜಿನ ವರದಿ, ತಂಗಿಯ ಪಾಠ, ತಂದೆಯವರ ಲೆಕ್ಕಪತ್ರ ಎಲ್ಲವೂ ಅದರಲ್ಲಿಯೇ ಇರುತ್ತವೆ. ಇಂತಹ ಯಂತ್ರವು ಚಾರ್ಜಿಗಿಟ್ಟೊಡನೆ ಸ್ತಬ್ಧವಾಗುವುದು, ಇಲ್ಲವೆ ಚಾರ್ಜರನ್ನು ತೆಗೆದ ಕ್ಷಣವೇ ಆರಿಹೋಗುವುದು ಹಲವರ ಅನುಭವಕ್ಕೆ ಬಂದ ಸಂಗತಿ. ಆಗ ಒಬ್ಬರು ಬ್ಯಾಟರಿ ಹೋಯಿತೆನ್ನುತ್ತಾರೆ. ಇನ್ನೊಬ್ಬರು ಹೊಸ ಚಾರ್ಜರ್ ಕೊಳ್ಳಿರೆನ್ನುತ್ತಾರೆ. ಮತ್ತೊಬ್ಬರು ಯಂತ್ರವನ್ನೇ ಬದಲಿಸಲು ಹೇಳುತ್ತಾರೆ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತಾಗುತ್ತದೆ ಇದು. ದುಡಿದು ಗಳಿಸಿದ ಹಣ ವ್ಯಯವಾಗುತ್ತದೆ, ದೋಷ ಮಾತ್ರ ಹಾಗೆಯೇ ಉಳಿಯುತ್ತದೆ. ಒಮ್ಮೆಗೆ ಒಂದನ್ನೇ ಬದಲಿಸಿ ಪರೀಕ್ಷಿಸಿದರೆ ದೋಷದ ನೆಲೆಯನ್ನು ಮನೆಯಲ್ಲಿಯೇ ಬಹುಮಟ್ಟಿಗೆ ಕಂಡುಕೊಳ್ಳಬಹುದು. ಆ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ವಿದ್ಯುತ್ತಿನ ಹಾದಿ

ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನ ಪರ್ಯಾಯ ಪ್ರವಾಹ. ಅದು ಸೆಕೆಂಡಿಗೆ 50 ಆವರ್ತನಗಳಂತೆ ದಿಕ್ಕು ಬದಲಿಸುತ್ತಿರುತ್ತದೆ. ಲ್ಯಾಪ್‌ಟಾಪಿಗೆ ಬೇಕಾದುದು ಒಂದೇ ದಿಕ್ಕಿನಲ್ಲಿ ಹರಿಯುವ, ಸಾಮಾನ್ಯವಾಗಿ 19 ಅಥವಾ 20 ವೋಲ್ಟಿನ ನೇರ ಪ್ರವಾಹ. ಈ ಮಾರ್ಪಾಟನ್ನು ಮಾಡುವುದೇ ಚಾರ್ಜರಿನ ಕೆಲಸ. ಅಲ್ಲಿಂದ ವಿದ್ಯುತ್ತು ಯಂತ್ರದೊಳಕ್ಕೆ ಹೋಗಿ, ಒಂದು ಭಾಗ ಯಂತ್ರವನ್ನು ನಡೆಸುತ್ತದೆ. ಉಳಿದುದು ಬ್ಯಾಟರಿಯನ್ನು ತುಂಬುತ್ತದೆ.

ಬ್ಯಾಟರಿಯಲ್ಲಿರುವುದು ಲಿಥಿಯಂ ಅಯಾನ್ ಕೋಶಗಳು. 1991ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಈ ಕೋಶಗಳನ್ನು ರೂಪಿಸಿದುದಕ್ಕಾಗಿ ಗುಡ್ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಸಾಮಾನ್ಯ ಕೋಶವೊಂದು ಪೂರ್ಣವಾಗಿ ತುಂಬಿದಾಗ ಸುಮಾರು 4.2 ವೋಲ್ಟನ್ನು ತಲುಪುತ್ತದೆ. ತುಂಬಿಸಿ ಬರಿದುಮಾಡುವುದು ನೂರಾರು ಬಾರಿ ನಡೆದಂತೆ ಅದರ ಶಕ್ತಿ ಕುಂದುತ್ತದೆ. ಬಿಸಿಯು ಆ ಮುಪ್ಪನ್ನು ಬೇಗನೆ ತರುತ್ತದೆ.

ಗೋಡೆಯ ಸಾಕೆಟ್, ಚಾರ್ಜರ್, ಅದರ ತಂತಿ ಸೇರುವ ಕಿಂಡಿ, ಬ್ಯಾಟರಿ, ಒಳಗಿನ ಮಂಡಲ, ಕೊನೆಯಲ್ಲಿ ಯಂತ್ರವನ್ನು ನಡೆಸುವ ತಂತ್ರಾಂಶ ಹೀಗೆ ಆರು ಎಡೆಗಳಲ್ಲಿ ದೋಷವಿರಬಹುದು. ಯಾವುದೆಂದು ಊಹಿಸಬಾರದು, ಪರೀಕ್ಷಿಸಬೇಕು.

ಮೊದಲು ಮಾಡಬೇಕಾದುದು

ಯಂತ್ರವು ಒಮ್ಮೆ ತಾನಾಗಿಯೇ ಆರಿಹೋಯಿತೆಂದರೆ ಮತ್ತೊಮ್ಮೆಯೂ ಹಾಗಾಗಬಹುದು. ಆದಕಾರಣ ಬರೆದ ಪಾಠ, ಚಿತ್ರ, ಪ್ರಮಾಣಪತ್ರಗಳನ್ನು ಮೊದಲು ಪೆನ್‌ಡ್ರೈವಿಗೋ ಬೇರೆ ಯಂತ್ರಕ್ಕೋ ನಕಲು ಮಾಡಿಕೊಳ್ಳಬೇಕು. ಚಾರ್ಜರನ್ನು ಮತ್ತೆ ಕೊಳ್ಳಬಹುದು. ವರ್ಷವಿಡೀ ಮಾಡಿದ ಕೆಲಸವನ್ನು ಕೊಳ್ಳಲಾಗದು.

ಬಳಿಕ ಯಂತ್ರವನ್ನು ಸಮತಲವಾದ ಮೇಜಿನ ಮೇಲಿಟ್ಟು ನೋಡಿರಿ. ಕೀಲಿಮಣೆಯ ಕೆಳಗಿನ ಸ್ಪರ್ಶಫಲಕ ಮೇಲೆದ್ದಿದೆಯೆ? ಮುಚ್ಚಳ ಸರಿಯಾಗಿ ಕೂಡುವುದಿಲ್ಲವೆ? ತಳಭಾಗ ಉಬ್ಬಿದೆಯೆ? ಹಾಗಿದ್ದರೆ ಬ್ಯಾಟರಿ ಊದಿಕೊಂಡಿದೆಯೆಂದು ತಿಳಿದು ಚಾರ್ಜರನ್ನು ಕೂಡಲೇ ತೆಗೆಯಿರಿ. ಅದನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜಿಗೆ ಇಡಲೇಬಾರದು. ಅದು ಹೊತ್ತಿಕೊಳ್ಳುವ ಸಂಭವವುಂಟು. ಇಲ್ಲಿಗೆ ಮನೆಯ ಪರೀಕ್ಷೆ ಮುಗಿಯಿತು. ಮುಂದಿನದು ನುರಿತವರ ಕೆಲಸ. ಹಳೆಯ ಬ್ಯಾಟರಿಯನ್ನು ಮನೆಯ ಕಸದೊಡನೆ ಎಸೆಯಬಾರದು; ವಿದ್ಯುನ್ಮಾನ ತ್ಯಾಜ್ಯವನ್ನು ಸ್ವೀಕರಿಸುವವರಿಗೇ ಒಪ್ಪಿಸಬೇಕು.

ಪರೀಕ್ಷೆಯ ಕ್ರಮ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿರಿ. ಯಂತ್ರ ಆರಿದ ದಿನಾಂಕ, ಗಂಟೆ, ಆಗ ಬ್ಯಾಟರಿಯಲ್ಲಿದ್ದ ಶೇಕಡಾ ಪ್ರಮಾಣ, ನಡೆಯುತ್ತಿದ್ದ ಕೆಲಸ, ಬಳಸಿದ ಸಾಕೆಟ್ ಇವಿಷ್ಟನ್ನೂ ಬರೆಯಿರಿ. ಅನಂತರ ಈ ಹೆಜ್ಜೆಗಳನ್ನು ಒಂದೊಂದಾಗಿ ಇಡಿರಿ.

1. ಸಾಕೆಟನ್ನು ಬದಲಿಸಿರಿ. ಎಕ್ಸ್‌ಟೆನ್ಷನ್ ಬೋರ್ಡನ್ನು ಬಿಟ್ಟು ಗೋಡೆಯ ಸಾಕೆಟಿಗೇ ನೇರವಾಗಿ ಚಾರ್ಜರನ್ನು ಸೇರಿಸಿರಿ. ವೋಲ್ಟೇಜ್ ಏರಿಳಿತವೇ ಕಾರಣವೆಂದು ಹಲವರು ಹೇಳುವುದುಂಟು. ಆದರೆ ಬಹುತೇಕ ಚಾರ್ಜರುಗಳ ಮೇಲೆ 100 ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಚಿಕ್ಕಪುಟ್ಟ ಇಳಿತವನ್ನು ಅವು ತಾಳಿಕೊಳ್ಳುತ್ತವೆ. ಸಡಿಲವಾದ ಸಾಕೆಟನ್ನು ಮಾತ್ರ ತಾಳಲಾರವು.

2. ಚಾರ್ಜರಿಲ್ಲದೆ ನಡೆಸಿರಿ. ಬ್ಯಾಟರಿ ತುಂಬಿದ ಮೇಲೆ ಚಾರ್ಜರನ್ನು ತೆಗೆದು ಅದೇ ಕೆಲಸವನ್ನು ಅರ್ಧ ಗಂಟೆ ಮಾಡಿರಿ. ತೆಗೆದ ಕ್ಷಣವೇ ಯಂತ್ರ ಆರಿದರೆ ಮೊದಲ ಸಂದೇಹ ಬ್ಯಾಟರಿಯ ಮೇಲೆ. ತೊಂದರೆಯಿಲ್ಲದೆ ನಡೆದು, ಚಾರ್ಜರ್ ಸೇರಿಸಿದಾಗ ಮಾತ್ರ ಆರಿದರೆ ಉಳಿದ ಎಡೆಗಳನ್ನು ನೋಡಬೇಕು.

3. ಚಾರ್ಜರಿನ ಮೇಲಿನ ಅಂಕೆಗಳನ್ನು ಓದಿರಿ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ದೊರೆಯುತ್ತದೆ. 20 ವೋಲ್ಟ್, 3.25 ಆಂಪಿಯರ್ ಎಂದಿದ್ದರೆ ಅದು 65 ವ್ಯಾಟಿನ ಚಾರ್ಜರ್. 20 ವೋಲ್ಟ್, 2.25 ಆಂಪಿಯರ್ ಎಂದಿದ್ದರೆ 45 ವ್ಯಾಟಿನದು. 65 ವ್ಯಾಟ್ ಬೇಡುವ ಯಂತ್ರಕ್ಕೆ 45 ವ್ಯಾಟಿನದನ್ನು ಸೇರಿಸಿದರೆ, ಭಾರವಾದ ಕೆಲಸದ ವೇಳೆ ಕೊರತೆಯನ್ನು ಬ್ಯಾಟರಿ ತುಂಬಿಕೊಡಬೇಕಾಗುತ್ತದೆ. ಬ್ಯಾಟರಿಯೂ ಬಡವಾಗಿದ್ದರೆ ಯಂತ್ರ ಆರುತ್ತದೆ. ಸ್ನೇಹಿತರ ಚಾರ್ಜರನ್ನು ತಂದು ನೋಡುವುದಾದರೆ ಅದು ನಿಮ್ಮ ಯಂತ್ರಕ್ಕೆ ಹೊಂದುವುದೇ ಆಗಿರಬೇಕು. ವೋಲ್ಟ್ ಸಮನಾಗಿರಬೇಕು, ಆಂಪಿಯರ್ ಸಮನಾಗಿಯೋ ಹೆಚ್ಚಾಗಿಯೋ ಇರಬಹುದು.

4. ಬಿಸಿಯನ್ನು ಗಮನಿಸಿರಿ. ಚಾರ್ಜ್ ಆಗುವಾಗ ಬ್ಯಾಟರಿ ಬಿಸಿಯಾಗುತ್ತದೆ. ಕೆಲಸ ನಡೆದಿದ್ದರೆ ಗಣಕಭಾಗವೂ ಬಿಸಿಯಾಗುತ್ತದೆ. ಹಾಸಿಗೆಯ ಮೇಲಿಟ್ಟರೆ ಗಾಳಿಯ ಕಿಂಡಿಗಳು ಮುಚ್ಚಿಹೋಗುತ್ತವೆ. ಶಾಖ ಸುಮಾರು 100 ಡಿಗ್ರಿ ಸೆಂಟಿಗ್ರೇಡಿನ ಹತ್ತಿರಕ್ಕೆ ಏರಿದರೆ ಯಂತ್ರವು ತನ್ನ ರಕ್ಷಣೆಗಾಗಿ ತಾನೇ ಆರುತ್ತದೆ. ಮೇಜಿನ ಮೇಲಿಟ್ಟಾಗ ತೊಂದರೆ ತಪ್ಪಿದರೆ ಕಾರಣ ತಿಳಿದಂತಾಯಿತು.

5. ತಂತ್ರಾಂಶವನ್ನು ಬೇರ್ಪಡಿಸಿ ನೋಡಿರಿ. ವಿಂಡೋಸ್ ತೆರೆಯುವ ಮೊದಲೇ ದೊರೆಯುವ ಬಯೋಸ್ ಎಂಬ ಪರದೆಯಲ್ಲಿ ಏನನ್ನೂ ಬದಲಿಸದೆ ಯಂತ್ರವನ್ನು ಚಾರ್ಜಿಗಿಟ್ಟು ಬಿಡಿರಿ. ಅಲ್ಲಿಯೂ ಆರಿದರೆ ವಿಂಡೋಸಿನ ದೋಷವಲ್ಲ. ಅಲ್ಲಿ ಗಟ್ಟಿಯಾಗಿ ನಿಂತು, ವಿಂಡೋಸಿನಲ್ಲಿ ಮಾತ್ರ ಸ್ತಬ್ಧವಾದರೆ ತಯಾರಕರು ಒದಗಿಸುವ ಹೊಸ ತಂತ್ರಾಂಶವನ್ನು ಹಾಕಿ ನೋಡುವುದು ಯುಕ್ತ.

ವಿಂಡೋಸಿನ ದಾಖಲೆಯಲ್ಲಿ ‘ಕರ್ನಲ್ ಪವರ್ 41’ ಎಂಬ ಬರಹವನ್ನು ಕಂಡು ಗಾಬರಿಯಾಗಬೇಕಿಲ್ಲ. ಯಂತ್ರವು ಕ್ರಮವಾಗಿ ಮುಚ್ಚದೆ ನಿಂತಿತೆಂದಷ್ಟೇ ಅದು ಹೇಳುತ್ತದೆ, ಏಕೆಂದು ಹೇಳುವುದಿಲ್ಲ. ವಿಂಡೋಸ್ ಕೊಡುವ ಬ್ಯಾಟರಿ ವರದಿ ಹೆಚ್ಚು ಉಪಯುಕ್ತವಾದುದು. ಅದರಲ್ಲಿ ಬ್ಯಾಟರಿಯ ಮೂಲ ಸಾಮರ್ಥ್ಯವೂ ಈಗ ತುಂಬುವ ಸಾಮರ್ಥ್ಯವೂ ಇರುತ್ತವೆ. ಮೊದಲನೆಯದು 40,000, ಎರಡನೆಯದು 20,000 ಎಂದಿದ್ದರೆ ಬ್ಯಾಟರಿಯಲ್ಲಿ ಅರ್ಧ ಶಕ್ತಿ ಮಾತ್ರ ಉಳಿದಿದೆಯೆಂದು ಯಾರಾದರೂ ಲೆಕ್ಕ ಹಾಕಬಹುದು.

ಎಚ್ಚರಿಕೆಯ ಮಾತುಗಳು

ಜುವಾರಿ ನದಿಯ ದಡದ ನಮ್ಮ ಊರಿನಲ್ಲಿ ಮಳೆಗಾಲದ ಗಾಳಿ ತೇವದಿಂದ ತುಂಬಿರುತ್ತದೆ. ನೆನೆದ ಚೀಲದಿಂದ ತೆಗೆದ ಯಂತ್ರವನ್ನು ಚೆನ್ನಾಗಿ ಒಣಗುವವರೆಗೆ ಚಾರ್ಜಿಗೆ ಇಡಬಾರದು. ಚಾರ್ಜರಿನ ಕಿಂಡಿಯಲ್ಲಿ ಹಸಿರು ಕಿಲುಬು ಕಂಡರೆ ಸೂಜಿಯಿಂದ ಕೆರೆಯದೆ ದುರಸ್ತಿ ಮಾಡುವವರಿಗೆ ತೋರಿಸಿರಿ. ಗುಡುಗು ಮಿಂಚಿನ ವೇಳೆ ಪ್ಲಗ್ ತೆಗೆದಿಡುವುದು ಕ್ಷೇಮ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪನಾದ ಮೇಲಿನ ಪಿನ್ ಭೂಸಂಪರ್ಕಕ್ಕಾಗಿ ಇರುವುದು. ಅದನ್ನು ಮುರಿದು ಎರಡು ಪಿನ್ನಿನ ಸಾಕೆಟಿಗೆ ತುರುಕುವುದು ಅಪಾಯ. ಚಾರ್ಜರಿನ ಕವಚವನ್ನಂತೂ ಯಾರೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕರ ವಿದ್ಯುತ್ತು ಕೆಲಕಾಲ ಉಳಿದಿರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ದೋಷ ಉಳಿದರೆ ಅದು ಒಳಗಿನ ಮಂಡಲದ್ದಾಗಿರಬಹುದು. ದುರಸ್ತಿಯವರ ಬಳಿಗೆ ಹೋಗಲೇಬೇಕು. ಆದರೆ ನೋಟ್‌ಬುಕ್ ಹಿಡಿದು ಹೋಗುವವನಿಗೂ ಬರಿಗೈಯಲ್ಲಿ ಹೋಗುವವನಿಗೂ ವ್ಯತ್ಯಾಸವುಂಟು. ಪರೀಕ್ಷಿಸಿದ್ದೇನು, ಕಂಡದ್ದೇನು ಎಂದು ಹೇಳಬಲ್ಲವನು ಬೇಡದ ವಸ್ತುವಿಗೆ ಹಣ ತೆರಬೇಕಾಗುವುದಿಲ್ಲ. ಮಕ್ಕಳು ಬರೆಯಲಿ, ಹಿರಿಯರು ಬಳಿಯಲ್ಲಿದ್ದು ನೋಡಿಕೊಳ್ಳಲಿ ಎಂಬುದು ನಮ್ಮ ವಿನಂತಿ.

ಅಭ್ಯಾಸ

1. ಚಾರ್ಜರೊಂದರ ಮೇಲೆ 19.5 ವೋಲ್ಟ್, 2.31 ಆಂಪಿಯರ್ ಎಂದಿದೆ. ಅದು ಎಷ್ಟು ವ್ಯಾಟಿನದು? 65 ವ್ಯಾಟಿನ ಯಂತ್ರಕ್ಕೆ ಸಾಕಾದೀತೆ?

2. ಸಾಕೆಟನ್ನೂ ಚಾರ್ಜರನ್ನೂ ಒಟ್ಟಿಗೇ ಬದಲಿಸಿದಾಗ ತೊಂದರೆ ನಿಂತಿತು. ದೋಷ ಯಾವುದರಲ್ಲಿತ್ತೆಂದು ಹೇಳಬಹುದೆ? ಕಾರಣ ಕೊಡಿರಿ.

3. ನಿಮ್ಮ ಮನೆಯ ಚಾರ್ಜರುಗಳ ಮೇಲಿನ ಅಂಕೆಗಳನ್ನು ಓದಿ ಒಂದು ಪಟ್ಟಿ ಮಾಡಿರಿ.