ಔಷಧದ ಅಳತೆಯೂ ತ್ರೈರಾಶಿಯ ಲೆಕ್ಕವೂ

ಹೆಣ್ಣುಮಕ್ಕಳಿಗೆ ಇಷ್ಟೊಂದು ಗಣಿತವೇತಕ್ಕೆ ಎಂದು ಪೋಷಕರಲ್ಲಿ ಕೆಲವರು ಈಗಲೂ ನಮ್ಮನ್ನು ಕೇಳುವದುಂಟು. ತ್ರೈರಾಶಿಯ ಪಾಠ ಬಂದಾಗ ಮುಖ ಬಾಡಿಸಿಕೊಳ್ಳುವ ಬಾಲಿಕೆಯರು ಅದನ್ನೇ ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿರುವರು. ಇದಕ್ಕೆ ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾದದ್ದಿಲ್ಲ. ಜ್ವರ ಬಂದ ಮಗುವಿಗೆ ಕುಡಿಸುವ ಔಷಧದ ಸೀಸೆಯನ್ನು ಕೈಗೆ ತೆಗೆದುಕೊಂಡು ಅದರ ಚೀಟಿಯನ್ನು ಓದಿದರೆ ಸಾಕು. ನಮ್ಮ ಶಾಲೆಯನ್ನು ಬಿಟ್ಟುಹೋದವರಲ್ಲಿ ಅನೇಕರು ದಾದಿಯರ ಕೆಲಸವನ್ನು ಕೈಕೊಂಡಿರುವರು. ಇನ್ನೂ ಅನೇಕರು ಮಕ್ಕಳ ತಾಯಂದಿರಾಗಿರುವರು. ಆದಕಾರಣ ಈ ಪಾಠವು ಇಬ್ಬರಿಗೂ ಸಲ್ಲತಕ್ಕದ್ದು.

ದ್ರವರೂಪದ ಔಷಧದಲ್ಲಿ ಎರಡು ಅಳತೆಗಳುಂಟು. ಒಂದು ಮದ್ದಿನ ತೂಕ. ಇನ್ನೊಂದು ಆ ಮದ್ದು ಬೆರೆತಿರುವ ದ್ರವದ ಪರಿಮಾಣ. ತೂಕವನ್ನು ಮಿಲಿಗ್ರಾಮಿನಲ್ಲಿಯೂ ಪರಿಮಾಣವನ್ನು ಮಿಲಿಲೀಟರಿನಲ್ಲಿಯೂ ಹೇಳುವರು. ವೈದ್ಯರು ಸಾಮಾನ್ಯವಾಗಿ ತೂಕದಿಂದ ಲೆಕ್ಕ ಹಾಕುವರು. ದಾದಿಯು ಪರಿಮಾಣದಿಂದ ಅಳೆದು ಕೊಡುವಳು. ಒಂದು ಲೋಟ ಪಾನಕಕ್ಕೆ ಒಂದು ಅಚ್ಚು ಬೆಲ್ಲವನ್ನಾದರೂ ಹಾಕಬಹುದು, ಎರಡು ಅಚ್ಚನ್ನಾದರೂ ಹಾಕಬಹುದು. ಲೋಟವು ಅದೇ, ನೀರೂ ಅಷ್ಟೇ; ಆದರೆ ಸಿಹಿಯು ಬೇರೆ. ಔಷಧದ ಸಂಗತಿಯೂ ಹೀಗೆಯೇ. "ಒಂದು ಚಮಚ ಕೊಟ್ಟೆವು" ಎಂದು ಹೇಳಿದ ಮಾತ್ರಕ್ಕೆ ಮದ್ದು ಎಷ್ಟು ಹೋಯಿತೆಂಬದು ತಿಳಿಯಲಾರದು.

ಹಿಂದಿನ ತಲೆಮಾರಿನ ದಾದಿಯರು ಗ್ರೇನು, ಮಿನಿಮ್, ಡ್ರಾಮ್, ಔನ್ಸು ಎಂಬ ಅಳತೆಗಳನ್ನು ಬಾಯಿಪಾಠ ಮಾಡಬೇಕಾಗಿತ್ತು. ೬೦ ಮಿನಿಮಿಗೆ ಒಂದು ಡ್ರಾಮ್, ೮ ಡ್ರಾಮಿಗೆ ಒಂದು ಔನ್ಸು. ನಮ್ಮ ದೇಶದಲ್ಲಿ ೧೯೫೬ರಲ್ಲಿ ತೂಕ ಮತ್ತು ಅಳತೆಗಳ ಕಾನೂನು ಆಗಿ, ೧೯೫೮ರಿಂದ ಮೆಟ್ರಿಕ್ ಪದ್ಧತಿಯು ಕ್ರಮೇಣ ಜಾರಿಗೆ ಬಂತು. ಈಗ ನೆನಪಿಡಬೇಕಾದದ್ದು ಸ್ವಲ್ಪವೇ: ೧ ಗ್ರಾಮಿಗೆ ೧೦೦೦ ಮಿಲಿಗ್ರಾಮ್; ೧ ಮಿಲಿಗ್ರಾಮಿಗೆ ೧೦೦೦ ಮೈಕ್ರೋಗ್ರಾಮ್; ೧ ಲೀಟರಿಗೆ ೧೦೦೦ ಮಿಲಿಲೀಟರ್. ಪದ್ಧತಿಯು ಸುಲಭವಾಯಿತು, ಆದರೆ ಎಚ್ಚರಿಕೆಯ ಅಗತ್ಯವು ಕಡಿಮೆಯಾಗಲಿಲ್ಲ.

ಇನ್ನು ಲೆಕ್ಕದ ಕ್ರಮ. ಇದು ನಮ್ಮ ನಾಡಿಗೆ ಹೊಸದಲ್ಲ. ೯ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ತ್ರೈರಾಶಿಕವನ್ನು ವಿವರಿಸಿರುವನು. ಗೊತ್ತಿರುವ ಮೊತ್ತವು ಪ್ರಮಾಣರಾಶಿ, ಅದಕ್ಕೆ ಸಲ್ಲುವದು ಫಲರಾಶಿ, ನಮಗೆ ಬೇಕಾದದ್ದು ಇಚ್ಛಾರಾಶಿ. ಇಚ್ಛೆಯನ್ನು ಫಲದಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಉತ್ತರವು ದೊರೆಯುವದು. ಅಕ್ಕಿಯ ಬೆಲೆಗೆ ಸಲ್ಲುವ ಈ ಸೂತ್ರವೇ ಔಷಧಕ್ಕೂ ಸಲ್ಲುವದು.

ಮೊದಲನೆಯ ಉದಾಹರಣೆ. ೧೨ ಕಿಲೋಗ್ರಾಮ್ ತೂಕದ ಮಗುವಿಗೆ ಜ್ವರ ಬಂದಿದೆ. ಪ್ಯಾರಾಸಿಟಮಾಲ್ ಎಂಬ ಔಷಧವನ್ನು ಮಕ್ಕಳಿಗೆ ಒಂದು ಸಲಕ್ಕೆ ತೂಕದ ಪ್ರತಿ ಕಿಲೋಗ್ರಾಮಿಗೆ ೧೦ರಿಂದ ೧೫ ಮಿಲಿಗ್ರಾಮಿನವರೆಗೆ ಕೊಡುವದು ವಾಡಿಕೆ. ವೈದ್ಯರು ೧೮೦ ಮಿಲಿಗ್ರಾಮ್ ಎಂದು ಬರೆದಿರುವರೆನ್ನೋಣ. ಸೀಸೆಯ ಚೀಟಿಯಲ್ಲಿ "೫ ಮಿಲಿಲೀಟರಿನಲ್ಲಿ ೧೨೦ ಮಿಲಿಗ್ರಾಮ್" ಎಂದಿದೆ. ಇಲ್ಲಿ ಪ್ರಮಾಣ ೧೨೦, ಫಲ ೫, ಇಚ್ಛೆ ೧೮೦. ೧೮೦ನ್ನು ೫ರಿಂದ ಗುಣಿಸಿದರೆ ೯೦೦; ೧೨೦ರಿಂದ ಭಾಗಿಸಿದರೆ ೭.೫. ಆದ್ದರಿಂದ ೭.೫ ಮಿಲಿಲೀಟರ್ ಕೊಡತಕ್ಕದ್ದು. ತಾಳೆ ನೋಡುವದೂ ಸುಲಭ: ೫ ಮಿಲಿಲೀಟರಿನಲ್ಲಿ ೧೨೦, ಅದರ ಅರ್ಧವಾದ ೨.೫ ಮಿಲಿಲೀಟರಿನಲ್ಲಿ ೬೦, ಕೂಡಿದರೆ ೧೮೦.

ಇದೇ ಔಷಧವು ಅಂಗಡಿಯಲ್ಲಿ ಬೇರೆ ಬೇರೆ ಬಲದಲ್ಲಿ ದೊರೆಯುವದೆಂಬದನ್ನು ವಾಚಕರು ಚೆನ್ನಾಗಿ ಗಮನಿಸಬೇಕು. ೫ ಮಿಲಿಲೀಟರಿನಲ್ಲಿ ೨೫೦ ಮಿಲಿಗ್ರಾಮ್ ಇರುವ ಸೀಸೆಯಾದರೆ ೩.೬ ಮಿಲಿಲೀಟರ್ ಸಾಕು. ಕೂಸುಗಳಿಗಾಗಿ ಮಾಡಿದ ಹನಿ ಔಷಧದಲ್ಲಿ ೧ ಮಿಲಿಲೀಟರಿಗೇ ೧೦೦ ಮಿಲಿಗ್ರಾಮ್ ಇರುವದುಂಟು, ಅದರಲ್ಲಿ ೧.೮ ಮಿಲಿಲೀಟರ್ ಮಾತ್ರ ಸಲ್ಲುವದು. ಹೆಸರು ಒಂದೇ ಎಂದು ನಂಬಿ, ಮೊದಲಿನ ಸೀಸೆಯ ಅಳತೆಯಂತೆ ಈ ಹನಿ ಔಷಧವನ್ನು ೭.೫ ಮಿಲಿಲೀಟರ್ ಕುಡಿಸಿದರೆ ೭೫೦ ಮಿಲಿಗ್ರಾಮ್ ಹೊಟ್ಟೆಗೆ ಹೋಗುವದು. ಅಂದರೆ ಹೇಳಿದ್ದರ ನಾಲ್ಕು ಪಾಲಿಗಿಂತಲೂ ಹೆಚ್ಚು. ಈ ಮದ್ದು ಮಿತಿಮೀರಿದರೆ ಪಿತ್ತಜನಕಾಂಗಕ್ಕೆ ಕೇಡಾಗುವದು. ಆ ಕೇಡು ಮೊದಲನೆಯ ದಿನ ಹೊರಗೆ ಕಾಣದೆಯೂ ಇರಬಹುದು. ಎರಡು ಸಲಗಳ ನಡುವೆ ಕನಿಷ್ಠ ೪ ಗಂಟೆಗಳ ಅಂತರವಿರಬೇಕು; ದಿನಕ್ಕೆ ೪ ಸಲಕ್ಕಿಂತ ಹೆಚ್ಚಾಗಿ ಕೊಡಕೂಡದು. ಅಜ್ಜಿಯು ಒಮ್ಮೆ, ತಾಯಿಯು ಒಮ್ಮೆ, ಒಬ್ಬರಿಗೊಬ್ಬರು ತಿಳಿಸದೆ ಕೊಡುವ ಮನೆಗಳಲ್ಲಿ ಕೊಟ್ಟ ಗಂಟೆಯನ್ನು ಒಂದು ಕಾಗದದಲ್ಲಿ ಬರೆದಿಡುವದು ಉತ್ತಮ.

ಎರಡನೆಯ ಉದಾಹರಣೆ. ೧೫ ಕಿಲೋಗ್ರಾಮ್ ತೂಕದ ಮಗುವಿಗೆ ಅಮಾಕ್ಸಿಸಿಲಿನ್ ಎಂಬ ಔಷಧವನ್ನು ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೪೦ ಮಿಲಿಗ್ರಾಮಿನಂತೆ, ಮೂರು ಸಲವಾಗಿ ಹಂಚಿ, ೫ ದಿನ ಕೊಡಲು ವೈದ್ಯರು ಬರೆದಿರಲಿ. ದಿನದ ಒಟ್ಟು ೬೦೦ ಮಿಲಿಗ್ರಾಮ್. ಒಂದು ಸಲಕ್ಕೆ ೨೦೦. "ದಿನಕ್ಕೆ" ಎಂಬ ಒಂದು ಮಾತನ್ನು ಬಿಟ್ಟು ಓದಿದರೆ ಮಗುವಿಗೆ ಮೂರು ಪಾಲು ಮದ್ದು ಹೋಗುವದು. ಚೀಟಿಯಲ್ಲಿ ೫ ಮಿಲಿಲೀಟರಿಗೆ ೧೨೫ ಮಿಲಿಗ್ರಾಮ್ ಇದ್ದರೆ, ೨೦೦ನ್ನು ೫ರಿಂದ ಗುಣಿಸಿ ೧೨೫ರಿಂದ ಭಾಗಿಸಲು ೮ ಮಿಲಿಲೀಟರ್ ಬರುವದು. ಮೂರು ಸಲಕ್ಕೆ ೨೪. ೫ ದಿನಕ್ಕೆ ೧೨೦. ಸೀಸೆಯು ೬೦ ಮಿಲಿಲೀಟರಿನದಾದರೆ ಎರಡು ಬೇಕಾಗುವವು. ಇಷ್ಟು ಲೆಕ್ಕ ಬಲ್ಲ ತಾಯಿಯು ಮೂರನೆಯ ದಿನ ಸೀಸೆ ಬರಿದಾಯಿತೆಂದು ಔಷಧವನ್ನು ನಡುವೆ ನಿಲ್ಲಿಸಲಾರಳು. ಈ ಔಷಧವು ಪುಡಿಯ ರೂಪದಲ್ಲಿ ಬರುವದರಿಂದ, ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಸರಿಯಾಗಿ ತುಂಬಬೇಕು. ನೀರು ಕಡಿಮೆಯಾದರೆ ಬಲ ಹೆಚ್ಚುವದು, ಹೆಚ್ಚಾದರೆ ಬಲ ಕುಂದುವದು.

ಮೂರನೆಯದು ದಶಾಂಶ ಬಿಂದುವಿನ ಸಂಗತಿ. ಡಿಜಿಟಾಲಿಸ್ ಎಂಬ ಗಿಡದ ಎಲೆಯು ಹೃದಯದ ರೋಗಕ್ಕೆ ಸಹಾಯವಾಗುವ ರೀತಿಯನ್ನು ಇಂಗ್ಲೆಂಡಿನ ವೈದ್ಯನಾದ ವಿಲಿಯಂ ವಿದರಿಂಗನು ೧೭೮೫ರಲ್ಲಿ ಪ್ರಕಟಿಸಿದನು. ಆ ಜಾತಿಯ ಗಿಡದಿಂದ ತೆಗೆದ ಡಿಗಾಕ್ಸಿನ್ ಎಂಬ ಮದ್ದಿನಲ್ಲಿ ಗುಣ ಮಾಡುವ ಅಳತೆಗೂ ಕೇಡು ಮಾಡುವ ಅಳತೆಗೂ ಅಂತರವು ಬಹು ಸ್ವಲ್ಪ. ವೈದ್ಯರು ೦.೦೭೫ ಮಿಲಿಗ್ರಾಮ್ ಎಂದು ಬರೆದಿರುವರು. ಸೀಸೆಯಲ್ಲಿ ೧ ಮಿಲಿಲೀಟರಿಗೆ ೫೦ ಮೈಕ್ರೋಗ್ರಾಮ್ ಎಂದಿದೆ. ಮೊದಲು ಎರಡನ್ನೂ ಒಂದೇ ಅಳತೆಗೆ ತರಬೇಕು. ೦.೦೭೫ನ್ನು ೧೦೦೦ದಿಂದ ಗುಣಿಸಿದರೆ ೭೫ ಮೈಕ್ರೋಗ್ರಾಮ್. ೫೦ರಿಂದ ಭಾಗಿಸಿದರೆ ೧.೫ ಮಿಲಿಲೀಟರ್. ಬಿಂದುವು ಒಂದು ಸ್ಥಾನ ಜರುಗಿದರೆ ೧೫ ಮಿಲಿಲೀಟರ್ ಆಗುವದು. ಹತ್ತು ಪಾಲು ಮದ್ದು! ತರಗತಿಯಲ್ಲಿ ಇಂಥ ತಪ್ಪಿಗೆ ಒಂದು ಅಂಕ ಹೋಗುವದು. ಆಸ್ಪತ್ರೆಯಲ್ಲಿ ಪ್ರಾಣವೇ ಹೋಗಬಹುದು. ಅದಕ್ಕಾಗಿಯೇ ಬಿಂದುವಿನ ಹಿಂದೆ ಸೊನ್ನೆಯನ್ನು ಬಿಡದೆ ೦.೫ ಎಂದು ಬರೆಯಬೇಕು. ಪೂರ್ಣಸಂಖ್ಯೆಯ ಮುಂದೆ ಮಾತ್ರ ಬಿಂದುವನ್ನೂ ಸೊನ್ನೆಯನ್ನೂ ಇಡದೆ ೫ ಎಂದಷ್ಟೇ ಬರೆಯಬೇಕು. ಬಿಂದುವು ಮಸುಕಾದರೆ ೫.೦ ಎಂಬದು ೫೦ ಆಗಿ ಕಾಣುವದು.

ಲೆಕ್ಕವು ಸರಿಯಾದರೂ ಅಳೆಯುವ ಪಾತ್ರೆಯು ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ಅಡಿಗೆಮನೆಯ ಚಮಚಗಳು ಒಂದರಂತೆ ಒಂದಿಲ್ಲ. ಕೂಸಿಗೆ ಹಾಲು ಕುಡಿಸುವ ಒಳಲೆಯಾದರೋ ಮನೆಮನೆಗೂ ಬೇರೆ. ಔಷಧಕ್ಕೆ ಚಮಚವೆಂದರೆ ೫ ಮಿಲಿಲೀಟರ್ ಎಂದು ಅರ್ಥ. ಆದಕಾರಣ ಸೀಸೆಯೊಡನೆ ಬಂದ ಗೆರೆಯುಳ್ಳ ಮುಚ್ಚಳವನ್ನಾಗಲಿ ಸೂಜಿಯಿಲ್ಲದ ಸಿರಿಂಜನ್ನಾಗಲಿ ಉಪಯೋಗಿಸತಕ್ಕದ್ದು. ಅಳತೆಯ ಪಾತ್ರೆಯನ್ನು ಸಮನೆಲದ ಮೇಲಿಟ್ಟು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ದ್ರವದ ಮೇಲ್ಮೈಯಲ್ಲಿ ಕಾಣುವ ತಗ್ಗಿನ ಅಡಿಯನ್ನು ನೋಡಬೇಕು. ಮದ್ದು ತಳಕ್ಕೆ ಇಳಿಯುವ ಜಾತಿಯ ಔಷಧವನ್ನು ಮೊದಲು ಚೆನ್ನಾಗಿ ಅಲುಗಾಡಿಸಬೇಕು. ಇಲ್ಲವಾದರೆ ಮೊದಲಿನ ದಿನಗಳಲ್ಲಿ ಬರಿಯ ತಿಳಿಯೂ ಕೊನೆಯ ದಿನಗಳಲ್ಲಿ ಗಟ್ಟಿ ಮದ್ದೂ ಹೋಗುವದು.

ದಾದಿಯರಾಗಲಿರುವವರಿಗೆ ಇನ್ನೊಂದು ಲೆಕ್ಕ. ರಕ್ತನಾಳದ ಮೂಲಕ ೫೦೦ ಮಿಲಿಲೀಟರ್ ದ್ರವವನ್ನು ೪ ಗಂಟೆಗಳಲ್ಲಿ ಕೊಡಬೇಕಾಗಿದೆ. ಕೊಳವೆಯು ೧ ಮಿಲಿಲೀಟರಿಗೆ ೨೦ ಹನಿ ಬಿಡುವಂಥದು. ೫೦೦ನ್ನು ೨೦ರಿಂದ ಗುಣಿಸಿದರೆ ೧೦,೦೦೦ ಹನಿಗಳು. ೪ ಗಂಟೆಗೆ ೨೪೦ ನಿಮಿಷಗಳು. ಭಾಗಿಸಿದರೆ ನಿಮಿಷಕ್ಕೆ ಸುಮಾರು ೪೨ ಹನಿ. ಗಡಿಯಾರವನ್ನು ನೋಡುತ್ತಾ ಹನಿಗಳನ್ನು ಎಣಿಸುವ ದಾದಿಯು ಮನಸ್ಸಿನಲ್ಲಿ ಮಾಡುವದು ಇದೇ ಭಾಗಾಕಾರವನ್ನು.

ಔಷಧ ಕೊಡುವದಕ್ಕೆ ಮುಂಚೆ ಐದು ವಿಷಯಗಳನ್ನು ಕೇಳಿಕೊಳ್ಳಬೇಕೆಂದು ದಾದಿಯರಿಗೆ ಕಲಿಸುವರು: ರೋಗಿಯು ಇವನೇಯೋ, ಔಷಧವು ಇದೇಯೋ, ಅಳತೆಯು ಇಷ್ಟೇಯೋ, ಕೊಡುವ ಮಾರ್ಗವು ಇದೇಯೋ, ವೇಳೆಯು ಸರಿಯೋ. ಇದಕ್ಕೆ ನಾವು ಲೆಕ್ಕದ ಉಪಾಧ್ಯಾಯಿನಿಯರಾಗಿ ಆರನೆಯದೊಂದನ್ನು ಸೇರಿಸುವೆವು: ಬಂದ ಉತ್ತರವು ಬುದ್ಧಿಗೆ ಒಪ್ಪುವದೋ? ಚಿಕ್ಕ ಮಗುವಿಗೆ ಅರ್ಧ ಸೀಸೆಯೆಂದು ಲೆಕ್ಕವು ಹೇಳಿದರೆ ಕೈಯನ್ನು ತಡೆದು ಮತ್ತೊಮ್ಮೆ ಮಾಡಬೇಕು. ಆಗಲೂ ಸಂಶಯವುಳಿದರೆ ವೈದ್ಯರನ್ನು ಕೇಳಬೇಕು. ಕೇಳುವದು ಅವಮಾನವಲ್ಲ.

ಮನೆಯಲ್ಲಿ ಅಭ್ಯಾಸಕ್ಕಾಗಿ ಒಂದು ಲೆಕ್ಕ: ೫ ಮಿಲಿಲೀಟರಿಗೆ ೧೦೦ ಮಿಲಿಗ್ರಾಮ್ ಇರುವ ಔಷಧದಲ್ಲಿ ೭೦ ಮಿಲಿಗ್ರಾಮ್ ಕೊಡಲು ಎಷ್ಟು ಅಳೆಯಬೇಕು? ಉತ್ತರ ೩.೫ ಮಿಲಿಲೀಟರ್. ಎಷ್ಟು ಮದ್ದು ಬೇಕೆಂಬದನ್ನು ವೈದ್ಯರೇ ಹೇಳತಕ್ಕದ್ದು. ಹೇಳಿದಷ್ಟನ್ನು ತಪ್ಪದೆ ಅಳೆಯುವ ಭಾರವು ನಮ್ಮದು. ತಾಯಂದಿರು ಈ ಲೆಕ್ಕವನ್ನು ಮಗಳೊಡನೆ ಕುಳಿತು ಮಾಡಲಿ. ಬಳಿಕ ಮನೆಯ ಕಪಾಟಿನಲ್ಲಿರುವ ಸೀಸೆಗಳನ್ನು ಇಬ್ಬರೂ ಹೊರಗೆ ತೆಗೆದು ಒಂದೊಂದರ ಬಲವನ್ನೂ ಓದಲಿ. ರೋಗವು ಬಂದ ರಾತ್ರಿ ನಿದ್ದೆಗಣ್ಣಿನಲ್ಲಿ ಕಲಿಯುವದಕ್ಕಿಂತ ಆರೋಗ್ಯದ ದಿನದಲ್ಲಿ ಕಲಿತಿರುವದು ಮೇಲು.