ಹೊಟ್ಟೆಯ ಇಂಜೆಕ್ಷನ್ ಅರ್ಧಕ್ಕೇ ಬಿಡಬೇಡಿ

ಸೊಂಟದ ಮೂಳೆಯ ಆಪರೇಷನ್ ಆಗಿ ತಾಯಿ ಬಡವನಹಳ್ಳಿಯ ಮನೆಗೆ ಬಂದಾಯಿತು, ಇನ್ನೂ ಹೊಟ್ಟೆಗೆ ಇಂಜೆಕ್ಷನ್ ಯಾಕೆ ಎಂದು ಕೇಳಿದ್ದೀರಿ. ಓಡಾಟ ಕಡಿಮೆಯಾದವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಡಿಸ್ಚಾರ್ಜ್ ಆದ ದಿನಕ್ಕೇ ಮುಗಿಯುವುದಿಲ್ಲ. ಅದಕ್ಕೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಹೆಪಾರಿನ್ ಜಾತಿಯ ಈ ಔಷಧವನ್ನು ಕೆಲವೊಮ್ಮೆ 35 ದಿನದವರೆಗೂ ಕೊಡುತ್ತಾರೆ. ಚುಚ್ಚಿದ ಜಾಗದಲ್ಲಿ ಸಣ್ಣ ನೀಲಿ ಕಲೆಯಾದರೆ ಗಾಬರಿ ಬೇಡ, ಉಜ್ಜಬೇಡಿ. ಮಲ ಕಪ್ಪಾದರೆ ಮಾತ್ರ ಒಳಗೆ ರಕ್ತ ಸೋರುತ್ತಿರಬಹುದು, ತಡಮಾಡದೆ ವೈದ್ಯರಿಗೆ ತೋರಿಸಿ.

ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ನೀವಬೇಡಿ, ಅಕ್ಕಪಕ್ಕದವರು ಎಷ್ಟೇ ಹೇಳಲಿ! ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದೀತು. ಹೆಪ್ಪು ಇದೆಯೇ ಎಂದು ನೋಡಲು ಅವತ್ತೇ ಡಾಪ್ಲರ್ ಸ್ಕ್ಯಾನ್ ಆಗಬೇಕು. ಮಧುಗಿರಿಯಲ್ಲಿ ಆಗದಿದ್ದರೆ ತುಮಕೂರಿಗೆ ಹೊರಡಿ. ದಿಢೀರನೆ ಏದುಸಿರು, ಎದೆನೋವು ಬಂದರೆ 108ಕ್ಕೆ ಕರೆ ಮಾಡಿ. ಮಿಕ್ಕಂತೆ, ಡಾಕ್ಟರು ಒಪ್ಪಿದಷ್ಟು ವಾಕರ್ ಹಿಡಿಸಿ ಪಡಸಾಲೆಯಲ್ಲೇ ನಡೆಸಿ. ಕೂತಾಗ ಪಾದ ಮೇಲೆ ಕೆಳಗೆ ಆಡಿಸಲಿ.